ಹನ್ನೆರಡನೇ ನಂಬರಿನ ಕಂತು ಎಲ್ಲಿ ಹೋಗಿತ್ತು?

ನಮ್ಮ ಕಡೆ ಸೋಮವಾರ ಎತ್ತು ಹೂಡುವುದಿಲ್ಲ; ಅದು ಬಸವಣ್ಣನ ವಾರ. ಬಾಳೆಹೊಸೂರಿನ ನಮ್ಮ ಉಳಿತಾಯ ಗುಂಪಿನ ಸಭೆಯೂ ಅದಕ್ಕೇ ಸೋಮವಾರ ಸಂಜೆ, ದೀಪ ಹಚ್ಚಿದ ಮೇಲೆ. ಹದಿನೆಂಟು ಮಂದಿ ಹೆಣ್ಣುಮಕ್ಕಳು. ವಾರಕ್ಕೆ ತಲಾ 50 ರೂಪಾಯಿ ಉಳಿತಾಯ, ಅದೇ ರೊಕ್ಕದಲ್ಲಿ ಬೇಕಾದವರಿಗೆ ಸಾಲ, ಸಾಲ ಪಡೆದವರು ಕಂತು ಕಟ್ಟುವುದು. ದೊಡ್ಡ ವ್ಯವಹಾರವೇನಲ್ಲ. ಆದರೆ ಬಿತ್ತನೆ ಬೀಜ, ಮಕ್ಕಳ ಫೀಜು, ಬಾಣಂತನ, ಒಮ್ಮೊಮ್ಮೆ ದವಾಖಾನಿ ಅಂತ ಎಷ್ಟೋ ಮನೆಗಳ ಅಡಚಣೆ ಈ ರೊಕ್ಕದಿಂದ ದಾಟಿದೆ. ಲೆಕ್ಕ ಬರೆಯುವವಳು ನಾನು.

ಹೋದ ವರ್ಷ ಛಟ್ಟಿ ಅಮಾವಾಸ್ಯೆ ಕಳೆದ ಮೇಲಿನ ಸೋಮವಾರ. ನಾವೆಲ್ಲ ದೊಡ್ಡವ್ವ ಅಂತ ಕರೆಯುವ ಹಿರಿಯರೊಬ್ಬರು ಮಗಳ ಬಾಣಂತನಕ್ಕೆ ಹೊಸ ಸಾಲ ಕೇಳಿದರು. ಪಟ್ಟಿಯಲ್ಲಿ ಅವರದು ಹನ್ನೆರಡನೇ ನಂಬರು. ನಮ್ಮಲ್ಲಿ ಒಂದು ನಿಯಮ: ಹಳೇ ಸಾಲದ ಮೂರು ಕಂತು ಬಾಕಿ ಇದ್ದವರಿಗೆ ಹೊಸ ಸಾಲ ಇಲ್ಲ. ನಾನು ಫೋನು ತೆಗೆದು ನೋಡಿದೆ. ನೋಡಿದವಳೇ ಎಲ್ಲರ ಮುಂದೆ ಅಂದುಬಿಟ್ಟೆ:

"ದೊಡ್ಡವ್ವಾ, ನಿಂದು ಆರು ಕಂತು ಬಾಕಿ ಐತೆಲ್ಲ."

ದೊಡ್ಡವ್ವ ನನ್ನ ಮುಖ ನೋಡಿದರು. "ಯವ್ವಾ, ನಾ ಆರೂ ಕಟ್ಟೇನಿ. ನಿನ್ನ ಕೈಯಾಗ ಕೊಟ್ಟೇನಿ."

"ಕೊಟ್ಟಿದ್ರ ಇಲ್ಲಿ ಬರ್ತಿತ್ತಲ್ಲ?" ಎಂದೆ. ಆ ಮಾತು ಈಗಲೂ ನನ್ನ ಕಿವಿಯಲ್ಲಿದೆ. ಹಿಂದೆ ಕೂತವರು ಯಾರೋ ಪಿಸುಗುಟ್ಟಿದರು. ದೊಡ್ಡವ್ವ ಸೆರಗು ಎಳೆದುಕೊಂಡು ಗ್ವಾಡಿಗೆ ಆತು ಕೂತರು. ಮುಂದೆ ಮಾತಾಡಲಿಲ್ಲ.

ಅವರು ಹಾಗೆ ಕೂತಿದ್ದಾಗಲೇ ನಾನು ಉಳಿದವರ ಸಾಲದ ಬಾಕಿ ಓದುತ್ತಾ ಹೋದೆ. ಹನ್ನೊಂದನೇ ನಂಬರು ಬಂತು. "ಸಾಲ ಹತ್ತು ಸಾವಿರ, ಮುಟ್ಟಿದ್ದು ಮೂರು ಸಾವಿರ, ಬಾಕಿ ಏಳು ಸಾವಿರ" ಎಂದೆ. ಆಕೆ ಪಟ್ಟನೆ ಕೈ ಎತ್ತಿದಳು.

"ಯಾವ ಮೂರು ಸಾವಿರ? ನನ್ನ ಹತ್ತಿ ಇನ್ನೂ ಮನ್ಯಾಗ ಐತಿ. ಹತ್ತಿ ಮಾರದ ನಾ ಎಲ್ಲಿಂದ ತಂದು ಕಟ್ಟಲಿ? ಸರಿಯಾಗಿ ನೋಡು."

ಆರು ಕಂತು, ಕಂತಿಗೆ 500, ಒಟ್ಟು ಮೂರು ಸಾವಿರ. ದೊಡ್ಡವ್ವನ ಲೆಕ್ಕದಲ್ಲಿ ಇಲ್ಲದ ಮೂರು ಸಾವಿರ, ಆಕೆಯ ಲೆಕ್ಕದಲ್ಲಿ ಜಾಸ್ತಿ ಬಂದು ಕೂತಿತ್ತು. ಸುಮ್ಮನಿದ್ದರೆ ಆಕೆಗೆ ಲಾಭವೇ. ಆಕೆ ಸುಮ್ಮನಿರಲಿಲ್ಲ. ಆ ಒಂದು ಮಾತಿನಿಂದ ಆವತ್ತು ಒಬ್ಬ ಪ್ರಾಮಾಣಿಕ ಹೆಂಗಸಿನ ಮಾನ ಉಳಿಯಿತು. ನನ್ನದು ಹೋಯಿತು, ಹೋಗಲಿ.

ಮೊತ್ತ ಸರಿ, ಸಾಲು ತಪ್ಪು

ಮನೆಗೆ ಬಂದು ಊಟವನ್ನೂ ಮಾಡದೆ ಹುಡುಕಲು ಕೂತೆ. ನಮ್ಮ ಲೆಕ್ಕದ ಹಾಳೆ ಇರುವುದು ಹೀಗೆ: ಮೊದಲನೇ ಕಾಲಂನಲ್ಲಿ ಕ್ರಮಸಂಖ್ಯೆ, ಎರಡನೆಯದರಲ್ಲಿ ಹೆಸರು, ಮೂರನೆಯದರಲ್ಲಿ ಪಡೆದ ಸಾಲ. ಅಲ್ಲಿಂದ ಮುಂದೆ ಪ್ರತಿ ವಾರಕ್ಕೆ ಎರಡೆರಡು ಕಾಲಂ, ಒಂದು ಉಳಿತಾಯಕ್ಕೆ, ಒಂದು ಕಂತಿಗೆ. ಮೇಲಿನ ಮೊದಲ ಸಾಲಿನಲ್ಲಿ ಆಯಾ ವಾರದ ತಾರೀಖು. ಯುಗಾದಿಗೆ ಶುರು ಮಾಡಿದಾಗ ಎಲ್ಲವೂ ಒಂದೇ ನೋಟಕ್ಕೆ ಕಾಣುತ್ತಿತ್ತು. ಶೀಗಿ ಹುಣ್ಣಿಮೆ ಹೊತ್ತಿಗೆ ಇಪ್ಪತ್ತೆಂಟು ವಾರ ಆಗಿ, ಹಾಳೆ ಬಲಕ್ಕೆ ಬೆಳೆದು ಬಿ.ಎಫ್., ಬಿ.ಜಿ. ಅನ್ನುವ ಕಾಲಂಗಳಿಗೆ ಮುಟ್ಟಿತ್ತು. ಈ ವಾರದ ಚೌಕ ತುಂಬಬೇಕಾದರೆ ಬೆರಳಲ್ಲಿ ಬಲಕ್ಕೆ ಸರಿಸುತ್ತಾ, ಸರಿಸುತ್ತಾ ಹೋಗಬೇಕು. ಅಲ್ಲಿಗೆ ಹೋಗುವಷ್ಟರಲ್ಲಿ ಹೆಸರುಗಳು ಎಡಗಡೆ ಎಲ್ಲೋ ಮರೆಯಾಗಿರುತ್ತವೆ.

ಸಭೆಗೆ ಬಂದು ಕಟ್ಟಿದವರ ಲೆಕ್ಕದಲ್ಲಿ ತಪ್ಪು ಆಗಿರಲಿಲ್ಲ. ಅಲ್ಲಿ ಹೆಸರು ಕೂಗಿ, ಎಡಕ್ಕೆ ಹೋಗಿ ಹೆಸರು ನೋಡಿ, ಆ ಸಾಲನ್ನೇ ಹಿಡಿದು ಬಲಕ್ಕೆ ಬರುತ್ತಿದ್ದೆ. ದೊಡ್ಡವ್ವ ಮಾತ್ರ ಆ ಆರು ವಾರ ಸಭೆಗೆ ಬಂದಿರಲಿಲ್ಲ. ಉಳ್ಳಾಗಡ್ಡಿ ಕೀಳುವ ಸುಗ್ಗಿ. ನಸುಕಿನಲ್ಲಿ ಟಂಟಂ ಹತ್ತುವ ಮುಂಚೆ ನಮ್ಮ ಬಾಗಿಲು ಬಡಿದು ರೊಕ್ಕ ಕೊಟ್ಟು ಹೋಗುತ್ತಿದ್ದರು. ನಾನು ಒಂದು ಚೀಟಿಯಲ್ಲಿ "12, ಕಂತು 500" ಅಂತ ಬರೆದಿಟ್ಟು, ರಾತ್ರಿ ಫೋನಿನಲ್ಲಿ ತುಂಬುತ್ತಿದ್ದೆ. ಹೆಸರು ಕಾಣುತ್ತಿರಲಿಲ್ಲ. ಎಡ ಅಂಚಿನಲ್ಲಿ 10, 11, 12, 13 ಅಂತ ಸಂಖ್ಯೆ ಮಾತ್ರ ಕಾಣುತ್ತಿತ್ತು. ಹನ್ನೆರಡರ ಎದುರು ಹಾಕಿಬಿಡುತ್ತಿದ್ದೆ.

ತಪ್ಪು ಇದ್ದದ್ದು ಅಲ್ಲೇ. ಎಡ ಅಂಚಿನ ಆ ಸಂಖ್ಯೆ ನಮ್ಮ ಪಟ್ಟಿಯ ಕ್ರಮಸಂಖ್ಯೆಯಲ್ಲ, ಹಾಳೆಯ ಸಾಲಿನ ಸಂಖ್ಯೆ. ಮೊದಲನೇ ಸಾಲನ್ನು ತಾರೀಖುಗಳ ತಲೆಬರಹ ತಿಂದಿರುತ್ತದೆ. ಹಾಗಾಗಿ ಒಂದನೇ ಸದಸ್ಯೆ ಕೂರುವುದು ಎರಡನೇ ಸಾಲಿನಲ್ಲಿ, ಹನ್ನೆರಡನೇ ಸದಸ್ಯೆ ಹದಿಮೂರನೇ ಸಾಲಿನಲ್ಲಿ. ಹಾಳೆಯ ಹನ್ನೆರಡನೇ ಸಾಲು ಹನ್ನೊಂದನೇ ನಂಬರಿನಾಕೆಯದು. ಆಕೆ ಬೆಳೆ ಮಾರಿ ಒಮ್ಮೆಲೇ ಕಟ್ಟುವವಳಾದ್ದರಿಂದ ವಾರದ ಚೌಕಗಳು ಖಾಲಿ ಇದ್ದವು. ಖಾಲಿ ಚೌಕ ಸಿಕ್ಕಿದ್ದರಿಂದ ನನಗೂ ಅನುಮಾನ ಬರಲಿಲ್ಲ.

"ಅಷ್ಟು ವಾರ ಗೊತ್ತಾಗಲಿಲ್ಲವೇ?" ಅಂತ ನೀವು ಕೇಳಬಹುದು. ಗೊತ್ತಾಗಲಿಲ್ಲ, ಯಾಕಂದರೆ ಪ್ರತಿ ವಾರ ಮೊತ್ತ ತಾಳೆ ಆಗುತ್ತಿತ್ತು! ಪೆಟ್ಟಿಗೆಯಲ್ಲಿದ್ದ ರೊಕ್ಕವೂ, ಕಾಲಂ ಕೆಳಗಿನ ಮೊತ್ತವೂ ಒಂದೇ. ಒಬ್ಬರ ರೊಕ್ಕ ಇನ್ನೊಬ್ಬರ ಸಾಲಿಗೆ ಹೋದರೆ ಕೂಡಿದ ಮೊತ್ತ ಬದಲಾಗುವುದಿಲ್ಲ. ಕಂಪ್ಯೂಟರು ತಪ್ಪಿಲ್ಲದೆ ಕೂಡುತ್ತದೆ. ಯಾರದು ಅನ್ನುವುದನ್ನು ನಾವೇ ಹೇಳಬೇಕು. ಮೊತ್ತ ಸರಿ ಬಂತು ಅಂದರೆ ಲೆಕ್ಕ ಸರಿ ಅಂತ ನಂಬಿದ್ದು ನನ್ನ ಮೊದಲ ತಪ್ಪು. ಎರಡನೆಯದು ಇನ್ನೂ ದೊಡ್ಡದು. ಅದನ್ನು ಕೊನೆಗೆ ಹೇಳುತ್ತೇನೆ.

ಹಳೇ ವಹಿಯಲ್ಲಿ ಹೆಸರು ಓಡಿಹೋಗುತ್ತಿರಲಿಲ್ಲ

ನಮ್ಮ ಮಾವನವರು ಲಕ್ಷ್ಮೇಶ್ವರದ ಒಂದು ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ದಿನದ ವ್ಯವಹಾರಕ್ಕೆ ಕಿರ್ದಿ, ಒಬ್ಬೊಬ್ಬರ ಖಾತೆಗೆ ಖತಾವಣಿ. ಕಿರ್ದಿಯಲ್ಲಿ ಬರೆದದ್ದನ್ನು ಖತಾವಣಿಗೆ ಎತ್ತುವಾಗ ಅವರು ಬಾಯಿಬಿಟ್ಟು ಹೆಸರು ಓದುತ್ತಿದ್ದರು. ಪುಟ ತಿರುವಿದರೆ ಹೊಸ ಪುಟದ ನೆತ್ತಿಯ ಮೇಲೆ ಮತ್ತೆ ಆಸಾಮಿಯ ಹೆಸರು, ಜಮಾ, ಖರ್ಚು, ಶಿಲ್ಕು ಅಂತ ತಲೆಬರಹ ಬರೆದು, ಹಿಂದಿನ ಪುಟದ ಮೊತ್ತ ತಂದು ಹಾಕಿ, ಆಮೇಲೆಯೇ ಮುಂದಿನ ಅಕ್ಷರ. "ಅದ ಹೆಸರ ಎಷ್ಟ ಸಲ ಬರೀತೀರಿ?" ಅಂತ ನಾನು ನಗುತ್ತಿದ್ದೆ. ಈಗ ಅರ್ಥವಾಗುತ್ತದೆ. ಅದು ಹಾಳೆ ಬದಲಾದರೂ ಹೆಸರು ಬದಲಾಗದಂತೆ ನೋಡಿಕೊಳ್ಳುವ ಉಪಾಯ.

ಸಾಲ ಕೊಟ್ಟು ಲೆಕ್ಕ ಇಡುವ ಈ ಸಂಘದ ಕೆಲಸ ನಮ್ಮ ಗದಗ ಸೀಮೆಗೆ ಹೊಸದಲ್ಲ. ಇದೇ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಸಹಕಾರ ಸಂಘ ಕಟ್ಟಿದರು. ಸಹಕಾರ ಸಂಘಗಳ ಮೊದಲ ಕಾಯ್ದೆ ಬಂದದ್ದು 1904ರಲ್ಲಿ. ಮರುವರ್ಷವೇ ಇಲ್ಲಿ ಸಂಘ. ಆ ಕಾಲಕ್ಕೆ ಕಂಪ್ಯೂಟರು ಎಲ್ಲಿಂದ ಬರಬೇಕು? ಕಾಗದದ ವಹಿಯೇ ಎಲ್ಲ. ಕಾಗದಕ್ಕೆ ಒಂದು ಗುಣ ಇದೆ: ಪುಟ ದೊಡ್ಡದು, ಬರೆದ ಹೆಸರು ಇದ್ದಲ್ಲೇ ಇರುತ್ತದೆ. ಪಹಣಿಯನ್ನೇ ನೋಡಿ. ಒಂಬತ್ತನೇ ಕಲಂನಲ್ಲಿ ಮಾಲೀಕರ ಹೆಸರು, ಹನ್ನೊಂದನೇ ಕಲಂನಲ್ಲಿ ಸಾಲದ ಬೋಜಾ ಅನ್ನುವುದು ಅಕ್ಷರ ಬಾರದ ರೈತನಿಗೂ ಬಾಯಿಪಾಠ. ಆ ಕಲಂಗಳು ಯಾವತ್ತೂ ಜಾಗ ಬಿಟ್ಟು ಕದಲಿಲ್ಲ ನೋಡಿ, ಅದಕ್ಕೆ.

ಸಣ್ಣ ಪರದೆಯ ಹಳೇ ತೊಂದರೆ

ಮರುದಿನ ಲಕ್ಷ್ಮೇಶ್ವರದಲ್ಲಿ ಬಿ.ಕಾಂ. ಓದುವ ಮಗಳಿಗೆ ಎಲ್ಲ ಹೇಳಿದೆ. ಅವಳು ನನ್ನ ಫೋನು ತೆಗೆದುಕೊಂಡು ಎರಡೇ ಕಡೆ ಬೆರಳು ಒತ್ತಿದಳು. "ಈಗ ಸರಿಸಿ ನೋಡವ್ವ" ಎಂದಳು. ಸರಿಸಿದೆ. ವಾರಗಳು ಒಂದರ ಹಿಂದೊಂದು ಸರಿದು ಹೋದವು, ಹೆಸರುಗಳು ಮಾತ್ರ ಎಡಗಡೆ ಕಂಬ ನೆಟ್ಟಂತೆ ನಿಂತಿದ್ದವು! ಕೆಳಕ್ಕೆ ಸರಿಸಿದರೆ ತಾರೀಖಿನ ಸಾಲು ಮೇಲೇ ನಿಂತಿತ್ತು. ಇದಕ್ಕೆ 'ಫ್ರೀಝ್' ಅಂತಾರೆ. ಹೆಪ್ಪುಗಟ್ಟಿಸುವುದು ಅಂತ ಅರ್ಥ. ನನಗೆ 'ನೆಡುವುದು' ಅನ್ನುವ ಮಾತೇ ಸರಿ ಅನ್ನಿಸುತ್ತದೆ.

"ಇಷ್ಟ ಸಣ್ಣದು ಮೊದಲ ಯಾಕ ಹೇಳಲಿಲ್ಲ?" ಅಂದೆ. "ನೀ ಯಾವಾಗ ಕೇಳೀ?" ಅಂದಳು. ಅದೂ ಖರೇ.

ಆಮೇಲೆ ತಿಳಿಯಿತು, ಇದು ನಿನ್ನೆ ಮೊನ್ನೆಯ ಸೌಕರ್ಯವೇನಲ್ಲ. ಮನೆಯ ಕಂಪ್ಯೂಟರುಗಳಿಗೆ ಬಂದ ಮೊದಲ ಲೆಕ್ಕದ ಹಾಳೆ 'ವಿಸಿಕ್ಯಾಲ್ಕ್'. ಡ್ಯಾನ್ ಬ್ರಿಕ್ಲಿನ್, ಬಾಬ್ ಫ್ರಾಂಕ್‌ಸ್ಟನ್ ಇಬ್ಬರೂ ಸೇರಿ ಅಮೆರಿಕದಲ್ಲಿ 1979ರಲ್ಲಿ ಹೊರತಂದರು. ಬ್ರಿಕ್ಲಿನ್ ಹಾರ್ವರ್ಡ್‌ನಲ್ಲಿ ಓದುತ್ತಿದ್ದಾಗ ಮೇಷ್ಟ್ರು ಕಪ್ಪುಹಲಗೆಯ ಮೇಲೆ ದೊಡ್ಡ ಲೆಕ್ಕದ ಪಟ್ಟಿ ಬರೆಯುತ್ತಿದ್ದರಂತೆ. ಒಂದು ಅಂಕಿ ತಪ್ಪಿದರೆ ಅದರ ಮುಂದಿನದನ್ನೆಲ್ಲ ಅಳಿಸಿ ಬರೆಯಬೇಕು. ತಾನೇ ತಿದ್ದಿಕೊಳ್ಳುವ ಹಲಗೆ ಇದ್ದರೆ ಹೇಗೆ ಅಂತ ಆತನಿಗೆ ಹೊಳೆದದ್ದು ಅಲ್ಲಿ.

ವಿಸಿಕ್ಯಾಲ್ಕ್ ಹಾಳೆಯಲ್ಲಿ 63 ಕಾಲಂ, 254 ಸಾಲು. ಆದರೆ ಅದು ಓಡುತ್ತಿದ್ದ ಆಪಲ್ 2 ಕಂಪ್ಯೂಟರಿನ ಪರದೆಯಲ್ಲಿ ಒಂದು ಸಾಲಿಗೆ ಹಿಡಿಯುತ್ತಿದ್ದುದು 40 ಅಕ್ಷರ ಮಾತ್ರ. ಒಮ್ಮೆಗೆ ನಾಲ್ಕು ಕಾಲಂ ಕಂಡರೆ ಹೆಚ್ಚು. ಹೆಸರು ಮರೆಯಾಗುವ ತೊಂದರೆ ಆಗಲೇ ಶುರು. ಅದಕ್ಕೇ ಆ ಮೊದಲ ಹಾಳೆಯಲ್ಲೇ 'ಟೈಟಲ್ಸ್' ಅನ್ನುವ ಆಜ್ಞೆ ಇಟ್ಟಿದ್ದರು: ಮೇಲಿನ ಸಾಲು ನಿಲ್ಲಿಸಬೇಕೇ, ಎಡಗಡೆಯ ಕಾಲಂ ನಿಲ್ಲಿಸಬೇಕೇ, ಎರಡನ್ನೂ ನಿಲ್ಲಿಸಬೇಕೇ ಅಂತ ಆರಿಸಿಕೊಳ್ಳಬಹುದಿತ್ತು. 1983ರಲ್ಲಿ ಬಂದ ಲೋಟಸ್ 1-2-3ರಲ್ಲೂ ಅದೇ ಹೆಸರಿನ ಆಜ್ಞೆ. ಎಕ್ಸೆಲ್ ಮೊದಲು ಬಂದದ್ದು 1985ರಲ್ಲಿ, ಮ್ಯಾಕಿಂಟಾಷ್‌ಗೆ. ವಿಂಡೋಸ್‌ಗೆ ಬಂದದ್ದು 1987ರಲ್ಲಿ. ಈಗಿನ ಎಕ್ಸೆಲ್ ಹಾಳೆಯಲ್ಲಿ 10,48,576 ಸಾಲು, 16,384 ಕಾಲಂ ಇವೆ. ಹಾಳೆ ಊರಗಲ ಆಯಿತು. ನಮ್ಮ ಕೈಯಲ್ಲಿರುವ ಫೋನಿನ ಪರದೆ ಮಾತ್ರ ಮತ್ತೆ ಅದೇ ನಾಲ್ಕು ಕಾಲಂಗೆ ಬಂದು ನಿಂತಿದೆ. ಹಾಗಾಗಿ ಕಂಪ್ಯೂಟರಿನಲ್ಲಿ ಕೆಲಸ ಮಾಡುವವರಿಗಿಂತ ಫೋನಿನಲ್ಲಿ ಲೆಕ್ಕ ಇಡುವ ನಮ್ಮಂಥವರಿಗೇ ಇದು ಹೆಚ್ಚು ಬೇಕಾದದ್ದು.

ನೆಡುವುದು ಹೇಗೆ?

*ಫೋನಿನಲ್ಲಿ ಗೂಗಲ್ ಶೀಟ್ಸ್ ಬಳಸುವವರು:* ಎಡ ಅಂಚಿನ 1 ಅನ್ನುವ ಸಂಖ್ಯೆಯ ಮೇಲೆ ಬೆರಳು ಒತ್ತಿ ಹಿಡಿಯಿರಿ. ಒಂದು ಪಟ್ಟಿ ತೆರೆಯುತ್ತದೆ. ಅದರಲ್ಲಿ ಫ್ರೀಝ್ ಒತ್ತಿದರೆ ಮೊದಲ ಸಾಲು ನಿಂತಿತು. ಹೀಗೆಯೇ ಮೇಲಿನ ಬಿ ಅಕ್ಷರದ ಮೇಲೆ ಒತ್ತಿ ಹಿಡಿದು ಫ್ರೀಝ್ ಅಂದರೆ ಎ, ಬಿ ಎರಡೂ ಕಾಲಂ ನಿಲ್ಲುತ್ತವೆ. ನಮ್ಮ ಹಾಳೆಯಲ್ಲಿ ಕ್ರಮಸಂಖ್ಯೆ, ಹೆಸರು ಎರಡೂ ಬೇಕಾದ್ದರಿಂದ ಬಿ ತನಕ ನೆಟ್ಟಿದ್ದೇನೆ.

*ಕಂಪ್ಯೂಟರಿನಲ್ಲಿ ಗೂಗಲ್ ಶೀಟ್ಸ್:* ಮೇಲಿನ ವ್ಯೂ ಪಟ್ಟಿಯಲ್ಲಿ ಫ್ರೀಝ್ ಇದೆ. ಒಂದು ಸಾಲು, ಎರಡು ಸಾಲು, ಅಥವಾ ನೀವು ನಿಂತಿರುವ ಸಾಲಿನ ತನಕ ಅಂತ ಆರಿಸಬಹುದು. ಕಾಲಂಗೂ ಹೀಗೆಯೇ. ಇಲ್ಲವೇ ಹಾಳೆಯ ಎಡಮೂಲೆಯಲ್ಲಿರುವ ಬೂದುಬಣ್ಣದ ದಪ್ಪ ಗೆರೆಯನ್ನು ಮೌಸಿನಿಂದ ಎಳೆದು ಬೇಕಾದಲ್ಲಿ ಬಿಟ್ಟರೂ ಆಯಿತು.

*ಎಕ್ಸೆಲ್:* ವ್ಯೂ ವಿಭಾಗದಲ್ಲಿ ಫ್ರೀಝ್ ಪೇನ್ಸ್ ಒತ್ತಿದರೆ ಮೂರು ಆಯ್ಕೆ ಬರುತ್ತವೆ. ಮೇಲಿನ ಒಂದು ಸಾಲು ಮಾತ್ರ ಸಾಕಾದರೆ ಫ್ರೀಝ್ ಟಾಪ್ ರೋ. ಎಡಗಡೆಯ ಒಂದು ಕಾಲಂ ಮಾತ್ರ ಸಾಕಾದರೆ ಫ್ರೀಝ್ ಫಸ್ಟ್ ಕಾಲಂ. ಎರಡೂ ಕಡೆ ಬೇಕಾದರೆ ಮೊದಲು ಸರಿಯಾದ ಚೌಕದಲ್ಲಿ ಹೋಗಿ ನಿಲ್ಲಬೇಕು, ಆಮೇಲೆ ಫ್ರೀಝ್ ಪೇನ್ಸ್ ಅನ್ನಬೇಕು. ಸೂತ್ರ ಇಷ್ಟೇ: ನೀವು ನಿಂತ ಚೌಕದ ಮೇಲಿನ ಸಾಲುಗಳೂ, ಅದರ ಎಡಗಡೆಯ ಕಾಲಂಗಳೂ ನಿಲ್ಲುತ್ತವೆ, ನಿಂತ ಚೌಕ ನಿಲ್ಲುವುದಿಲ್ಲ, ಅದು ಸರಿದಾಡುತ್ತದೆ. ಒಂದು ಸಾಲು, ಒಂದು ಕಾಲಂ ನೆಡಬೇಕಾದರೆ ಬಿ2ರಲ್ಲಿ ನಿಲ್ಲಿ. ನಮ್ಮ ಹಾಳೆಯಂತೆ ಒಂದು ಸಾಲು, ಎರಡು ಕಾಲಂ ಬೇಕಾದರೆ ಸಿ2. ಮೇಲೆ ಸಂಘದ ಹೆಸರು, ವರ್ಷ, ತಾರೀಖು ಅಂತ ಮೂರು ಸಾಲು ಇದ್ದರೆ ಸಿ4. ಕೀಲಿಮಣೆಯಿಂದಲೇ ಮಾಡುವವರು ಆಲ್ಟ್, ಡಬ್ಲ್ಯೂ, ಎಫ್, ಎಫ್ ಅಂತ ಒಂದಾದ ಮೇಲೊಂದು ಒತ್ತಬಹುದು. ತೆಗೆಯಬೇಕಾದರೆ ಅದೇ ಜಾಗದಲ್ಲಿ ಅನ್‌ಫ್ರೀಝ್ ಪೇನ್ಸ್ ಅಂತ ಬಂದಿರುತ್ತದೆ. ಎಕ್ಸೆಲ್‌ನ ಫೋನು ಆ್ಯಪ್‌ನಲ್ಲೂ ಇದು ವ್ಯೂ ವಿಭಾಗದಲ್ಲೇ ಸಿಗುತ್ತದೆ.

*ಲಿಬ್ರೆ ಆಫೀಸ್:* ದುಡ್ಡು ಕೊಡದೆ ಸಿಗುವ ಈ ತಂತ್ರಾಂಶದ ಕ್ಯಾಲ್ಕ್‌ನಲ್ಲಿಯೂ ವ್ಯೂ ಪಟ್ಟಿಯಲ್ಲಿ ಫ್ರೀಝ್ ರೋಸ್ ಆ್ಯಂಡ್ ಕಾಲಮ್ಸ್ ಇದೆ. ಚೌಕದಲ್ಲಿ ನಿಲ್ಲುವ ಸೂತ್ರ ಎಕ್ಸೆಲ್‌ನದ್ದೇ.

ಎಡವುವ ಜಾಗಗಳು

ಕಲಿತ ಹುರುಪಿನಲ್ಲಿ ನಾನು ಮತ್ತೆ ಎಡವಿದ್ದೂ ಉಂಟು. ನೀವು ಎಡವದಿರಲಿ ಅಂತ ಬರೆಯುತ್ತಿದ್ದೇನೆ.

ಎಕ್ಸೆಲ್‌ನಲ್ಲಿ ಮೊದಲು ಟಾಪ್ ರೋ ಒತ್ತಿ, ಆಮೇಲೆ ಫಸ್ಟ್ ಕಾಲಂ ಒತ್ತಿದರೆ ಎರಡೂ ನಿಲ್ಲುತ್ತವೆ ಅಂದುಕೊಂಡಿದ್ದೆ. ಇಲ್ಲ. ಎರಡನೆಯದು ಬಂದಾಗ ಮೊದಲನೆಯದು ಹೋಗುತ್ತದೆ. ಎರಡೂ ಬೇಕಾದರೆ ಚೌಕದಲ್ಲಿ ನಿಂತು ಮಾಡುವ ದಾರಿಯೇ ದಾರಿ.

ಇನ್ನೊಮ್ಮೆ ಹಾಳೆಯನ್ನು ಕೆಳಗೆ ಸರಿಸಿದ್ದಾಗಲೇ ಟಾಪ್ ರೋ ಒತ್ತಿಬಿಟ್ಟೆ. ಎಕ್ಸೆಲ್ ಆಗ ನಿಲ್ಲಿಸುವುದು ಒಂದನೇ ಸಾಲನ್ನಲ್ಲ, ಆ ಹೊತ್ತಿಗೆ ಪರದೆಯ ಮೇಲ್ತುದಿಯಲ್ಲಿ ಕಾಣುತ್ತಿರುವ ಸಾಲನ್ನು. ಅದರ ಮೇಲಿನ ಸಾಲುಗಳು ಕಾಣದಂತೆ ಆಗುತ್ತವೆ. ಮೇಲಕ್ಕೆ ಸರಿಸಿದರೂ ಬರುವುದಿಲ್ಲ. "ನಾಲ್ಕು ಮಂದಿ ಹೆಸರ ಅಳಿಸಿ ಹೋದುವು" ಅಂತ ನನ್ನ ಎದೆ ಒಡೆದುಹೋಗಿತ್ತು. ಅಳಿಸಿರಲಿಲ್ಲ, ಅನ್‌ಫ್ರೀಝ್ ಮಾಡಿದ ಕೂಡಲೇ ಬಂದವು. ನೆಡುವ ಮುಂಚೆ ಕಂಟ್ರೋಲ್ ಮತ್ತು ಹೋಮ್ ಒಟ್ಟಿಗೆ ಒತ್ತಿ ಹಾಳೆಯ ಆರಂಭಕ್ಕೆ ಹೋಗುವುದು ಒಳ್ಳೆಯದು.

ತಲೆಬರಹ ಚೆಂದ ಕಾಣಲಿ ಅಂತ ನಾಲ್ಕಾರು ಚೌಕ ಕೂಡಿಸಿ ಒಂದು ಮಾಡುವ ಚಟ ನಮಗೆ. ಗೂಗಲ್ ಶೀಟ್ಸ್‌ನಲ್ಲಿ ಹಾಗೆ ಕೂಡಿಸಿದ ಚೌಕದ ಅರ್ಧಭಾಗ ಮಾತ್ರ ಒಳಗೆ ಬರುವಂತೆ ಕಾಲಂ ನೆಡಲು ಬರುವುದಿಲ್ಲ. ಕೂಡಿಸಿದ್ದನ್ನು ಬಿಡಿಸಿ ನೆಡಬೇಕು. ಎಕ್ಸೆಲ್‌ನಲ್ಲಿ ಫ್ರೀಝ್ ಬಟನ್ನು ಒತ್ತಲು ಬಾರದೆ ಮಸುಕಾಗಿ ಕಂಡರೆ, ಹಾಳೆ ಪೇಜ್ ಲೇಔಟ್ ನೋಟದಲ್ಲಿದೆಯೇ ನೋಡಿ; ಅಲ್ಲಿ ಫ್ರೀಝ್ ನಡೆಯುವುದಿಲ್ಲ, ನಾರ್ಮಲ್‌ಗೆ ಬರಬೇಕು.

ಆಸೆಗೆ ಬಿದ್ದು ಐದಾರು ಕಾಲಂ ನೆಟ್ಟರೆ ಫೋನಿನ ಪರದೆಯೆಲ್ಲ ಅದೇ ತುಂಬಿ, ಸರಿಸಿ ನೋಡಲು ಜಾಗವೇ ಉಳಿಯದು. ಹೆಸರಿನ ಕಾಲಂ ಸಪೂರ ಇರಲಿ. ನಾನು ಮನೆತನದ ಹೆಸರು, ಊರಿನ ಹೆಸರು ಎಲ್ಲ ಬಿಟ್ಟು ಕರೆಯುವ ಹೆಸರು ಮಾತ್ರ ಇಟ್ಟಿದ್ದೇನೆ. ಒಂದು ಕಡತದಲ್ಲಿ ಎರಡು ಮೂರು ಹಾಳೆ ಇದ್ದರೆ ಪ್ರತಿಯೊಂದಕ್ಕೂ ಬೇರೆ ಬೇರೆ ನೆಡಬೇಕು ಅನ್ನುವುದೂ ನೆನಪಿರಲಿ.

ಫ್ರೀಝ್ ಮಾಡದ ಕೆಲಸ

ಹೆಸರು ಕೇಳಿದರೆ ಫ್ರೀಝ್ ಮಾಡಿದ ಸಾಲನ್ನು ಯಾರೂ ಮುಟ್ಟಲಾರರು ಅನ್ನಿಸುತ್ತದೆ. ಹಾಗೇನಿಲ್ಲ. ಅದು ಬರೀ ಕಣ್ಣಿಗೆ ಕಾಣುವ ವ್ಯವಸ್ಥೆ. ನೆಟ್ಟ ಹೆಸರನ್ನೂ ಯಾರಾದರೂ ಅಳಿಸಬಹುದು, ತಿದ್ದಬಹುದು. ಬೀಗ ಬೇಕಾದರೆ ಎಕ್ಸೆಲ್‌ನಲ್ಲಿ ಪ್ರೊಟೆಕ್ಟ್ ಶೀಟ್ ಅಂತ ಬೇರೆಯೇ ಇದೆ.

ಮುದ್ರಣಕ್ಕೂ ಇದಕ್ಕೂ ಸಂಬಂಧ ಇಲ್ಲ. ಪರದೆಯ ಮೇಲೆ ನಿಂತ ತಾರೀಖಿನ ಸಾಲು, ಎಕ್ಸೆಲ್‌ನಿಂದ ಪ್ರಿಂಟ್ ತೆಗೆದಾಗ ಮೊದಲ ಪುಟದಲ್ಲಿ ಮಾತ್ರ ಬರುತ್ತದೆ. ಎರಡನೇ ಪುಟ ಹಿಡಿದರೆ ಯಾವ ಅಂಕಿ ಯಾವ ವಾರದ್ದೋ ದೇವರೇ ಬಲ್ಲ. ಅದಕ್ಕೆ ಪೇಜ್ ಲೇಔಟ್ ವಿಭಾಗದಲ್ಲಿ ಪ್ರಿಂಟ್ ಟೈಟಲ್ಸ್ ಅಂತ ಇದೆ. ಪ್ರತಿ ಪುಟದ ನೆತ್ತಿಯ ಮೇಲೆ ಯಾವ ಸಾಲು ಬರಬೇಕು, ಎಡಕ್ಕೆ ಯಾವ ಕಾಲಂ ಬರಬೇಕು ಅಂತ ಅಲ್ಲಿ ಹೇಳಬಹುದು. ನಮ್ಮ ಮಾವನವರು ಪುಟಪುಟಕ್ಕೂ ಕೈಯಲ್ಲಿ ಬರೆಯುತ್ತಿದ್ದದ್ದನ್ನೇ ಯಂತ್ರ ಬರೆದು ಕೊಡುತ್ತದೆ.

ಮುಖ್ಯವಾದದ್ದು ಇನ್ನೊಂದು. ಹೆಸರು ಕಣ್ಣ ಮುಂದಿದ್ದರೂ ನೋಡದೆ ತುಂಬಿದರೆ ತಪ್ಪು ಆಗಿಯೇ ಆಗುತ್ತದೆ. ಈಗ ನಾನು ಚೀಟಿಯಲ್ಲಿ ನಂಬರು ಬರೆಯುವುದು ಬಿಟ್ಟಿದ್ದೇನೆ, ಹೆಸರೇ ಬರೆಯುತ್ತೇನೆ. ಕಾಲಂ ಕೆಳಗಿನ ಮೊತ್ತದ ಜೊತೆಗೆ, ಪ್ರತಿಯೊಬ್ಬರ ಸಾಲಿನ ಕೊನೆಗೂ ಒಂದು ಮೊತ್ತ ಬರುವಂತೆ ಮಾಡಿದ್ದೇನೆ. ತಿಂಗಳಿಗೊಮ್ಮೆ ಅದನ್ನು ಸಭೆಯಲ್ಲಿ ಹೆಸರು ಹೇಳಿ ಓದುವುದು. ಕೆಳಗಿನ ಮೊತ್ತವನ್ನು ಪೆಟ್ಟಿಗೆ ನೋಡಿ ತಾಳೆ ಮಾಡಬಹುದು, ಅಡ್ಡ ಮೊತ್ತ ತಾಳೆ ಮಾಡುವವರು ಕಟ್ಟಿದವರೇ.

ಇದು ಸಂಘದ ಲೆಕ್ಕಕ್ಕೆ ಮಾತ್ರ ಅಲ್ಲ. ಮಕ್ಕಳ ಅಂಕಪಟ್ಟಿ ತಯಾರಿಸುವ ಶಿಕ್ಷಕಿ, ಡೇರಿಯಲ್ಲಿ ಹಾಲಿನ ಲೆಕ್ಕ ಬರೆಯುವವರು, ಮದುವೆಯಲ್ಲಿ ಆಹೇರಿ ಬರೆದಿಟ್ಟುಕೊಳ್ಳುವವರು, ಎಲ್ಲರ ಹಾಳೆಯಲ್ಲೂ ಒಂದು ಅಂಕಿಯ ಹಿಂದೆ ಒಬ್ಬ ಮನುಷ್ಯ ಇರುತ್ತಾನೆ. ಒಂದು ಸಾಲು ತಪ್ಪಿದರೆ ಪಾಸಾದ ಹುಡುಗ ಫೇಲು.

ಗ್ವಾಡಿಯ ಮೇಲಿನ ಆರು ಗೆರೆ

ನನ್ನ ಎರಡನೇ ತಪ್ಪು ಹೇಳುತ್ತೇನೆ ಅಂದಿದ್ದೆ. ಮೊದಲು ನಮ್ಮಲ್ಲಿ ಪ್ರತಿ ಸದಸ್ಯೆಗೂ ಒಂದು ಪಾಸ್‌ಬುಕ್ ಇತ್ತು. ಕಟ್ಟಿದಾಗಲೆಲ್ಲ ಅದರಲ್ಲಿ ಬರೆದು ಸಹಿ ಹಾಕಿ ಕೊಡುತ್ತಿದ್ದೆ. ಫೋನಿನಲ್ಲಿ ಲೆಕ್ಕ ಶುರುವಾದ ಮೇಲೆ "ಎಲ್ಲಾ ಫೋನಿನಾಗ ಐತಿ, ಮತ್ತ ಯಾಕ ಎರಡೆರಡು ಕಡೆ" ಅಂತ ಬರೆಯುವುದು ನಿಲ್ಲಿಸಿದೆ. ಆ ಸೋಮವಾರ ದೊಡ್ಡವ್ವನ ಕೈಯಲ್ಲಿ ತೋರಿಸಲು ಒಂದು ಚೀಟಿಯೂ ಇರಲಿಲ್ಲ. ಇರದಂತೆ ಮಾಡಿದವಳು ನಾನು.

ತಪ್ಪು ಸಿಕ್ಕ ಮರುದಿನವೇ ಅವರ ಮನೆಗೆ ಹೋದೆ. ಏನು ಹೇಳಬೇಕು ತಿಳಿಯದೆ ಹೊಸ್ತಿಲಲ್ಲೇ ನಿಂತೆ. "ಒಳಗ ಬಾ" ಅಂದವರೇ ಬಾಗಿಲ ಹಿಂದಿನ ಗ್ವಾಡಿ ತೋರಿಸಿದರು. ಸುಣ್ಣದಲ್ಲಿ ಎಳೆದ ಗೆರೆಗಳು. ಎಣಿಸಿದೆ, ಆರು. ಪ್ರತಿ ಸಲ ನನ್ನ ಕೈಗೆ ರೊಕ್ಕ ಕೊಟ್ಟು ಬರುತ್ತಿದ್ದ ನಸುಕಿನಲ್ಲಿ ಎಳೆದದ್ದು. ಅವರಿಗೆ ಓದು ಬರಹ ಬರುವುದಿಲ್ಲ.

"ನಿನ್ನೆ ಸಭಾದಾಗ ಇದನ್ನ ಯಾಕ ಹೇಳಲಿಲ್ಲ ದೊಡ್ಡವ್ವಾ?" ಅಂದೆ.

"ನಿನ್ನ ಫೋನಿನ ಮುಂದ ನನ್ನ ಗ್ವಾಡಿ ಯಾರ ನಂಬತಾರ ಯವ್ವಾ?" ಅಂದರು. ಸಿಟ್ಟಿನಿಂದ ಅಲ್ಲ. ಸುಮ್ಮನೆ ಇದ್ದದ್ದು ಇದ್ದಂತೆ ಹೇಳಿದರು. ಅದೇ ನನಗೆ ಹೆಚ್ಚು ಚುಚ್ಚಿತು.

ಮುಂದಿನ ಸೋಮವಾರ ಸಭೆಯಲ್ಲಿ ಎಲ್ಲರ ಎದುರು ನನ್ನ ತಪ್ಪು ಹೇಳಿದೆ. ಮಾನ ತೆಗೆದದ್ದು ಹದಿನೇಳು ಮಂದಿ ಮುಂದೆ; ತಿದ್ದುವುದನ್ನು ಮನೆಯೊಳಗೆ ಮಾಡಿದರೆ ಆಗುವುದಿಲ್ಲ. ಮೂರು ಸಾವಿರ ಹದಿಮೂರನೇ ಸಾಲಿಗೆ ಹೋಯಿತು. ಹನ್ನೊಂದನೇ ನಂಬರಿನಾಕೆಯ ಬಾಕಿ ಮತ್ತೆ ಹತ್ತು ಸಾವಿರ ಆಯಿತು; "ಈಗ ಸರಿ ಆತು ನೋಡ" ಅಂದಳು. ಬಾಣಂತನದ ಸಾಲ ಅವತ್ತೇ ಮಂಜೂರಾಯಿತು. ಪಾಸ್‌ಬುಕ್ಕುಗಳು ಮತ್ತೆ ಶುರುವಾದವು. ಫೋನಿನಲ್ಲಿ ತುಂಬಿದ್ದನ್ನು ಅಲ್ಲೇ ಪಾಸ್‌ಬುಕ್ಕಿಗೂ ಬರೆಯುತ್ತೇನೆ. ಎರಡು ನಿಮಿಷ ಹೆಚ್ಚು ಹಿಡಿಯುತ್ತದೆ, ಹಿಡಿಯಲಿ.

ಸಭೆ ಮುಗಿದ ಮೇಲೆ ದೊಡ್ಡವ್ವ ನನ್ನ ಪಕ್ಕ ಬಂದು ಕೂತರು. "ಅದರಾಗ ನನ್ನ ಹೆಸರ ಎಲ್ಲೈತಿ ತೋರಸು" ಅಂದರು. ತೋರಿಸಿದೆ. ಅಕ್ಷರ ಗೊತ್ತಿಲ್ಲದಿದ್ದರೂ ಜಾಗ ಗುರುತು ಹಿಡಿದುಕೊಂಡರು. ಬೆರಳಿಟ್ಟು ಒಮ್ಮೆ ಬಲಕ್ಕೆ ಸರಿಸಿದರು, ಮತ್ತೊಮ್ಮೆ ಸರಿಸಿದರು. ಯುಗಾದಿಯಿಂದ ಆ ಸೋಮವಾರದ ತನಕದ ವಾರಗಳೆಲ್ಲ ಹರಿದು ಹೋದವು. ಹೆಸರು ಇದ್ದಲ್ಲೇ ಇತ್ತು.

"ಹಿಂಗ ಇರಲಿ" ಅಂದರು. ಎದ್ದು ಚಪ್ಪಲಿ ಹುಡುಕಿಕೊಂಡು ಹೊರಟರು.

ಮನೆಯದೋ, ಸಂಘದ್ದೋ, ಶಾಲೆಯದೋ ಲೆಕ್ಕ ನಿಮ್ಮ ಫೋನಿನಲ್ಲೂ ಇದ್ದರೆ ಇವತ್ತೇ ಒಮ್ಮೆ ತೆಗೆದು ಬಲಕ್ಕೆ ಸರಿಸಿ ನೋಡಿ. ಹೆಸರು ಸರಿದುಹೋದರೆ, ಮುಂದಿನ ಅಂಕಿ ತುಂಬುವ ಮುಂಚೆ ಅದನ್ನು ನೆಟ್ಟುಬಿಡಿ. ಹಿಂದಿನ ಅಂಕಿಗಳನ್ನೂ ಒಮ್ಮೆ ಹೆಸರು ಹಿಡಿದು ಓದಿಬಿಡಿ.